ಜೆರಾಕ್ಸ್ ಆದ ನಕ್ಷೆಯಲ್ಲಿ ದೂರ ಅಳೆಯುವುದು

ಅಕ್ಕನ ಮಗಳಿಗೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದರು. ಕೆಂಪೇಗೌಡರ ನಾಲ್ಕು ಗಡಿ ಗೋಪುರಗಳ ನಡುವಿನ ದೂರವನ್ನು ನಕ್ಷೆಯಿಂದ ಲೆಕ್ಕ ಹಾಕಬೇಕಿತ್ತು. ಲಾಲ್‌ಬಾಗ್ ಬಂಡೆ, ಹಲಸೂರು ಕೆರೆ, ಕೆಂಪಾಂಬುಧಿ ಕೆರೆ, ಮೇಖ್ರಿ ಸರ್ಕಲ್. ಎ4 ನಕ್ಷೆಯಲ್ಲಿ ಹೆಸರು ಬರೆಯಲು ಜಾಗ ಸಾಲದು ಅಂತ ಗಾಂಧಿ ಬಜಾರಿನ ಜೆರಾಕ್ಸ್ ಅಂಗಡಿಯಲ್ಲಿ ಎ3ಗೆ ದೊಡ್ಡದು ಮಾಡಿಸಿ ತಂದಿದ್ದಳು.

ಮೂಲೆಯಲ್ಲಿ 1:50,000 ಅಂತಿತ್ತು. ಸರ್ವೇ ಆಫ್ ಇಂಡಿಯಾದ ಟೋಪೋಶೀಟ್‌ಗಳಲ್ಲಿ, ಅಂದರೆ ನೆಲದ ಏರಿಳಿತ, ರಸ್ತೆ, ಕೆರೆ ಎಲ್ಲ ತೋರಿಸುವ ನಕ್ಷೆಗಳಲ್ಲಿ, ಕಾಣುವ ಅಳತೆಯೂ ಇದೇ. ನಕ್ಷೆಯ 1 ಸೆಂ.ಮೀ. ಅಂದರೆ ನೆಲದ ಮೇಲೆ 50,000 ಸೆಂ.ಮೀ., ಅಂದರೆ 500 ಮೀಟರ್. ಲಾಲ್‌ಬಾಗ್ ಗೋಪುರದಿಂದ ಮೇಖ್ರಿ ಸರ್ಕಲ್ ಗೋಪುರಕ್ಕೆ ಸ್ಕೇಲ್ ಇಟ್ಟಳು. ಇಪ್ಪತ್ತೂವರೆ ಸೆಂ.ಮೀ. ಬಂತು.

"ಚಿಕ್ಕಮ್ಮಾ, 10 ಕಿ.ಮೀ. ಮೇಲೆ ಬರ್ತಿದೆ. ಅಷ್ಟು ದೂರ ಇದೆಯಾ?"

ಇಲ್ಲ. ಚಿಕ್ಕ ಹಾಳೆಯಲ್ಲಿ ಅಳೆದರೆ ಹದಿನಾಲ್ಕೂವರೆ ಸೆಂ.ಮೀ., ಅಂದರೆ 7 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಎ4ನಿಂದ ಎ3 ಮಾಡಿದಾಗ ಪ್ರತಿ ಗೆರೆಯೂ ಸುಮಾರು 1.4 ಪಟ್ಟು ಉದ್ದವಾಗುತ್ತದೆ. ಆದರೆ ಮೂಲೆಯ ಅಂಕಿ ಮಾತ್ರ ಹಾಗೇ ಉಳಿಯುತ್ತದೆ. ಅದರ ಕೆಳಗಿದ್ದ ಕಪ್ಪು-ಬಿಳಿ ಪಟ್ಟಿಯನ್ನು ತೋರಿಸಿದೆ. ಚಿಕ್ಕ ಹಾಳೆಯಲ್ಲಿ 1 ಕಿ.ಮೀ. ತೋರಿಸುವ ತುಂಡು 2 ಸೆಂ.ಮೀ. ಇತ್ತು, ದೊಡ್ಡದರಲ್ಲಿ 2.8. ನಕ್ಷೆ ಹಿಗ್ಗಿದಷ್ಟೇ ಅದೂ ಹಿಗ್ಗಿತ್ತು. ಹಾಗಾಗಿ ನಕಲು ನಕ್ಷೆಯಲ್ಲಿ ನಾನು ನಂಬುವುದು ಆ ಪಟ್ಟಿಯನ್ನೇ. ಶಾಲೆಯಲ್ಲಿ ಭಾಗಾಕಾರ ಮಾಡಿಸುತ್ತಾರೆ, ಈ ಪಟ್ಟಿ ಯಾಕಿದೆ ಅಂತ ಹೇಳಿಕೊಡುವುದು ಕಡಿಮೆ.

ಇದು ನೇರ ದೂರ, ಕಾಗೆ ಹಾರಿದ ಹಾಗೆ. ಬಸ್ಸು ಹಾಗೆ ಹೋಗಲ್ಲ ಅಲ್ವಾ? ಅದಕ್ಕೆ ಹೂ ಕಟ್ಟುವ ದಾರ ತಂದೆ. ಒದ್ದೆ ಮಾಡಿದರೆ ದಾರ ಕಾಗದಕ್ಕೆ ಅಂಟಿಕೊಂಡು ತಿರುವಿನಲ್ಲಿ ಜಾರುವುದಿಲ್ಲ. ಹಡ್ಸನ್ ಸರ್ಕಲ್, ಅರಮನೆ ರಸ್ತೆ ಅಂತ ಬೆರಳಲ್ಲಿ ಒತ್ತುತ್ತಾ ಹೋದಳು. ಎಳೆಯಬಾರದು, ಸುಮ್ನೆ ಕೂರಿಸಬೇಕು. ಕೊನೆಗೆ ದಾರ ಎತ್ತಿ ಪಟ್ಟಿಯ ಮೇಲೆ ಇಟ್ಟಾಗ ಎಂಟೂವರೆ ಕಿ.ಮೀ. ದಾಟಿತು.

ಚಾರ್ಟಿನಲ್ಲಿ 1:50,000 ಅನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಪಟ್ಟಿಗೆ ಕೆಂಪು ಬಣ್ಣ ಹಚ್ಚಿದಳು. ಹಲಸೂರಿನಿಂದ ಕೆಂಪಾಂಬುಧಿಗೆ ನೇರವಾಗಿ ಎಷ್ಟು ಅಂತ ನಾನು ಕೇಳುವ ಮೊದಲೇ ಅಳೆದಿದ್ದಳು: 7ರಿಂದ 8 ಕಿ.ಮೀ. ನಡುವೆ.