ಚರ್ಚೆಗೂ ತಯಾರಿ ಬೇಕು

ಎರಡು ದಿನಗಳ ಮುಕ್ತ ತಂತ್ರಾಂಶ ಸಮ್ಮೇಳನವೊಂದರ ಕಾರ್ಯಕ್ರಮ ಸಮಿತಿಯಲ್ಲಿ ನನಗಿದು ಎರಡನೆಯ ವರ್ಷ. ಉಪನ್ಯಾಸಗಳನ್ನು ಆರಿಸುವುದು ದೀರ್ಘವಾದ ಕೆಲಸವೇ ಹೊರತು ಕಷ್ಟದ್ದಲ್ಲ: ಬಂದ ಪ್ರಸ್ತಾವಗಳಿಂದ ಹೆಸರುಗಳನ್ನು ತೆಗೆದು, ಪ್ರತಿಯೊಂದನ್ನೂ ಇಬ್ಬರು ಓದಿ ಅಂಕ ಕೊಟ್ಟು, ಮುಕ್ತ ತಂತ್ರಾಂಶದ ನೆಪದಲ್ಲಿ ಕಂಪನಿಯ ಸರಕು ಮಾರಲು ಹೊರಟವುಗಳನ್ನು ಪಕ್ಕಕ್ಕಿಟ್ಟರೆ ಅರ್ಧ ಪಟ್ಟಿ ಸಿದ್ಧವಾದಂತೆಯೇ. ಅವಧಿಗೆ ಮಾತ್ರ 2023ರಲ್ಲಿ ಕೊಚ್ಚಿಯಲ್ಲಿ ನಡೆದ, ಡೆಬಿಯನ್ ಎಂಬ ಮುಕ್ತ ತಂತ್ರಾಂಶ ಬಳಗದ ವಾರ್ಷಿಕ ಸಮ್ಮೇಳನವಾದ ಡೆಬ್‌ಕಾನ್‌ನ ಪದ್ಧತಿಯನ್ನು ಅನುಸರಿಸಿದ್ದೇವೆ. ಅಲ್ಲಿ ಪ್ರಶ್ನೋತ್ತರವೂ ಸೇರಿ 45 ನಿಮಿಷದ್ದೊಂದು ಬಗೆ, 20 ನಿಮಿಷದ್ದೊಂದು ಬಗೆ. ಮೊದಲ ಸಲ ವೇದಿಕೆ ಹತ್ತುವವರಿಗೆ 20 ನಿಮಿಷವೇ ಕ್ಷೇಮ ಎಂಬುದು ನನ್ನ ಅನುಭವ.

ಕಳೆದ ವರ್ಷ ನಾವು ಎಡವಿದ್ದು ಚರ್ಚಾಗೋಷ್ಠಿಗಳಲ್ಲಿ. ಸಮಾನಾಸಕ್ತರು ಸೇರಿ ಮಾತನಾಡುವ ಇಂಥ ಕೂಟಗಳನ್ನು ನಮ್ಮವರು ‘ಬಾಫ್’ ಎನ್ನುತ್ತಾರೆ. ಇವಕ್ಕೆ ಸ್ಲೈಡು ಬೇಡ, ಭಾಷಣಕಾರರು ಬೇಡ, ಆದ್ದರಿಂದ ಯೋಜನೆಯೂ ಬೇಡವೆಂದು ಭಾವಿಸಿ, ಖಾಲಿ ಉಳಿದ ಕಡೆಗಳಲ್ಲೆಲ್ಲ ತುಂಬಿಬಿಟ್ಟೆವು. ಕನ್ನಡ ಕೀಲಿಮಣೆಗಳ ಕುರಿತ ಚರ್ಚೆಗೆ ಸಿಕ್ಕಿದ್ದು ಕುರ್ಚಿಗಳನ್ನು ನೆಲಕ್ಕೆ ಬಿಗಿದ ಸಭಾಂಗಣ. ಮೂವತ್ತು ಜನ ಒಬ್ಬರ ಬೆನ್ನನ್ನು ಇನ್ನೊಬ್ಬರು ನೋಡುತ್ತ ಕುಳಿತರು; ಇದ್ದ ಒಂದೇ ಮೈಕು ಯಾರ ಕೈಗೆ ಹೋಯಿತೋ ಅವರದೇ ಭಾಷಣವಾಯಿತು. ಯಾರೂ ಟಿಪ್ಪಣಿ ಬರೆದುಕೊಳ್ಳಲಿಲ್ಲವಾದ್ದರಿಂದ ಕೊನೆಗೆ ಏನು ತೀರ್ಮಾನವಾಯಿತೆಂದು ನನಗೂ ಗೊತ್ತಿಲ್ಲ.

ಆ ಚರ್ಚೆಯ ವಿಷಯವಾದರೋ ಎಲ್ಲರೂ ಎದುರುಬದುರು ಕೂತೇ ಬಗೆಹರಿಸಬೇಕಾದದ್ದು. ‘ರ‍್ಯಾಂಕ್’ ಎಂಬ ಪದದಲ್ಲಿ ರಕಾರವು ಅರ್ಕಾವೊತ್ತಾಗದೆ ಪೂರ್ತಿಯಾಗಿ ಉಳಿಯಬೇಕಾದರೆ ನಡುವೆ ಕಣ್ಣಿಗೆ ಕಾಣದ ಜೋಡಕ ಅಕ್ಷರವೊಂದು ಇರಬೇಕು. ಅದನ್ನು ಮೂಡಿಸುವ ಕೀಲಿ ಯಾವುದೆಂಬುದು ಕೀಲಿಮಣೆ ಮಾಡುವವರಿಗೆ ಬಿಟ್ಟದ್ದು, ಅದನ್ನು ಸರಿಯಾಗಿ ತೋರಿಸುವುದು ಫಾಂಟ್ ಮಾಡುವವರ ಹೊಣೆ, ಮತ್ತು ಹುಡುಕುವಾಗ ಅದನ್ನು ಲೆಕ್ಕಿಸದೆ ಪದವನ್ನು ಹೊಂದಿಸುವುದು ಹುಡುಕು ತಂತ್ರಾಂಶದವರ ಕೆಲಸ. ಕಳೆದ ವರ್ಷ ಫಾಂಟಿನವರು ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಉಪನ್ಯಾಸ ಕೊಡುತ್ತಿದ್ದರು! ಆದ್ದರಿಂದ ಈ ಸಲ ಪ್ರತಿ ಚರ್ಚೆಗೂ ಯಾರು ಇರಲೇಬೇಕೆಂಬುದನ್ನು ಮೊದಲು ಬರೆದುಕೊಂಡು, ಅವರ ಉಪನ್ಯಾಸಗಳ ವೇಳೆಯನ್ನು ಆಮೇಲೆ ಗೊತ್ತುಮಾಡುತ್ತಿದ್ದೇವೆ. ನಡೆಸಿಕೊಡುವವರೊಬ್ಬರು, ಟಿಪ್ಪಣಿ ಬರೆಯುವವರೊಬ್ಬರು ಮುಂಚೆಯೇ ನಿಗದಿಯಾಗಿರಬೇಕು. ಉತ್ತರ ಸಿಗಬೇಕಾದ ಪ್ರಶ್ನೆಯನ್ನು ಪ್ರಸ್ತಾವದಲ್ಲಿಯೇ ಒಂದು ವಾಕ್ಯದಲ್ಲಿ ಹೇಳಿರಬೇಕು.

ಇದೇನೂ ಹೊಸ ಶೋಧವಲ್ಲ. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಹೆಸರಿನಲ್ಲಿ ಆರಂಭವಾಗಿ 2005ರಲ್ಲಿ ಫಾಸ್ ಡಾಟ್ ಇನ್ ಆದ ನಮ್ಮೂರಿನ ಸಮ್ಮೇಳನವು, ನಂತರದ ವರ್ಷಗಳಲ್ಲಿ, ಜನ ಕೂತು ಕೇಳುವುದಕ್ಕಿಂತ ಕೂತು ಕೆಲಸ ಮಾಡಲಿ ಎಂದು ‘ವರ್ಕ್‌ಔಟ್’ಗಳನ್ನು ನಡೆಸಿತ್ತು.

ನಮ್ಮಲ್ಲಿ ಕುರ್ಚಿಗಳನ್ನು ವೃತ್ತಾಕಾರವಾಗಿ ಸರಿಸಬಹುದಾದ ಕೋಣೆ ಒಂದೇ ಇದೆ, ಅದೂ ಎರಡನೆಯ ದಿನ ಮಧ್ಯಾಹ್ನದವರೆಗೆ ಮಾತ್ರ. ಹಾಗಾಗಿ ಐದು ಚರ್ಚೆಗಳನ್ನು ಮೂರಕ್ಕೆ ಇಳಿಸಿದ್ದೇವೆ. ಕೈಬಿಟ್ಟ ಎರಡರ ಪ್ರಸ್ತಾವಕರಿಗೆ ನಾಳೆ ನಾನೇ ಫೋನ್ ಮಾಡಿ ತಿಳಿಸಬೇಕಾಗಿದೆ.