6/6 ಓದಿದ ಕಣ್ಣಿಗೆ ರಾತ್ರಿ ರಸ್ತೆ ಕಾಣುತ್ತಿರಲಿಲ್ಲ

ಹುಬ್ಬಳ್ಳಿಯ ಒಂದು ಕಣ್ಣಾಸ್ಪತ್ರೆಯಲ್ಲಿ ನಾನು ಆಪ್ಟೊಮೆಟ್ರಿಸ್ಟ್. ಲೇಸಿಕ್‌ಗೆ, ಅಂದರೆ ಕನ್ನಡಕದ ಪವರ್ ತೆಗೆಯುವ ಲೇಸರ್ ಆಪರೇಷನ್‌ಗೆ, ಬರುವವರ ಕಣ್ಣು ಅಳೆಯುವುದು, ಆಮೇಲೆ ಫಾಲೋಅಪ್‌ನಲ್ಲಿ ಚಾರ್ಟ್ ಓದಿಸುವುದು ನನ್ನ ಕೆಲಸ.

ಸೇರಿದ ಹೊಸದರಲ್ಲಿ ಒಬ್ಬ ಲಾರಿ ಡ್ರೈವರ್ ಬಂದಿದ್ದರು. ವಯಸ್ಸು 26. ಮೈನಸ್ 6 ಪವರ್ ತೆಗೆಸಿಕೊಂಡು ಎರಡು ತಿಂಗಳಾಗಿತ್ತು. ಚಾರ್ಟ್‌ನ 6/6 ಸಾಲನ್ನು, ಅಂದರೆ ಸಹಜ ದೃಷ್ಟಿಯವರು ಓದುವ ಸಾಲನ್ನು, ತಡವರಿಸದೆ ಓದಿದರು. ಆದರೆ ಎದ್ದು ಹೋಗಲಿಲ್ಲ.

“ಹಗಲೊತ್ತು ಎಲ್ಲಾ ಛಲೋ ಐತ್ರಿ ಮೇಡಂ. ರಾತ್ರಿ ಎದುರು ಬರೋ ಗಾಡಿ ಲೈಟು ಹತ್ತಿ ಹಿಂಜಿದಂಗ ಕಾಣತೈತ್ರಿ.”

“6/6 ಐತಲ್ರಿ ಅಣ್ಣಾ, ಏನೂ ತೊಂದರಿ ಇಲ್ಲ” ಅಂದು ಕಳಿಸಿಬಿಟ್ಟೆ. ಮೂರು ವಾರಕ್ಕೆ ಮತ್ತೆ ಬಂದರು. ಪುಣೆಯ ರಾತ್ರಿ ಟ್ರಿಪ್ ಬಿಟ್ಟಿದ್ದರು. ಅಂದರೆ ದುಡಿಮೆಯೇ ಕಡಿಮೆಯಾಗಿತ್ತು. ನನಗೆ ತುಂಬಾ ಸಂಕಟವಾಯಿತು.

ಆ ದಿನ ನಮ್ಮ ಸೀನಿಯರ್ ಲೈಟ್ ಆರಿಸಿ ಅವರ ಪಾಪೆ (ಕಣ್ಣಿನ ನಡುವಿನ, ಬೆಳಕು ಒಳಹೋಗುವ ಕಪ್ಪು ಕಿಂಡಿ) ಅಳೆಸಿದರು. 7 ಮಿಲಿಮೀಟರ್. ಲೇಸರ್ ಪೂರ್ತಿ ತಿದ್ದಿದ್ದ ಜಾಗ 6 ಮಿಲಿಮೀಟರ್.

ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಸಹಜವಾಗಿ ನಡುವೆ ಹೆಚ್ಚು ಬಾಗಿರುತ್ತದೆ, ಅಂಚಿಗೆ ಹೋದಂತೆ ಚಪ್ಪಟೆ. ಮೈನಸ್ ಪವರ್ ತೆಗೆಯಲು ಲೇಸರ್ ನಡುವನ್ನೇ ಸವೆಸುತ್ತದೆ. 6 ಮಿಲಿಮೀಟರ್ ಅಗಲದಲ್ಲಿ ಮೈನಸ್ 6 ತೆಗೆಯಲು ನಡುವೆ ಸುಮಾರು 72 ಮೈಕ್ರಾನ್, ಹೆಚ್ಚುಕಡಿಮೆ ಒಂದು ಕೂದಲಿನ ದಪ್ಪ. ಈಗ ಆಕಾರ ತಿರುವುಮುರುವು: ನಡು ಚಪ್ಪಟೆ, ಅಂಚು ಬಾಗು. ಅಂಚಿನಿಂದ ಬರುವ ಬೆಳಕು ಜಾಸ್ತಿ ಬಾಗಿ, ಕಣ್ಣಿನ ಹಿಂದಿನ ಪರದೆಯಾದ ರೆಟಿನಾಕ್ಕಿಂತ ಮುಂದೆಯೇ ಕೂಡುತ್ತದೆ. ಇದು ಸ್ಫೆರಿಕಲ್ ಅಬೆರೇಶನ್. ಬಿಸಿಲಲ್ಲಿ ಪಾಪೆ ಚಿಕ್ಕದು, ಅಂಚಿನ ಬೆಳಕು ಒಳಗೆ ಬರುವುದೇ ಇಲ್ಲ. ಕತ್ತಲಲ್ಲಿ ಪಾಪೆ ಅರಳುತ್ತದೆ. ಅಗಲ ಎರಡರಷ್ಟಾದರೆ ಈ ದೋಷ 16 ಪಟ್ಟು! ಬೆಳಕಿರುವ ಕೋಣೆಯಲ್ಲಿ, ಕಪ್ಪು ದಪ್ಪ ಅಕ್ಷರ ಓದಿಸಿದರೆ ಇದು ಹೇಗೆ ಗೊತ್ತಾಗಬೇಕು, ಅಲ್ವಾ?

ಹಾಗಂತ ಎಲ್ಲವನ್ನೂ ಪಾಪೆಯ ಮೇಲೆ ಹಾಕುವುದೂ ತಪ್ಪು. ದೊಡ್ಡ ಪಾಪೆ ಇದ್ದೂ ಆರಾಮಾಗಿರುವವರನ್ನು ಆಮೇಲೆ ಬಹಳ ಮಂದಿ ನೋಡಿದ್ದೇನೆ. ಎಷ್ಟು ಪವರ್ ತೆಗೆದರು, ಎಷ್ಟು ಉಳಿಯಿತು ಎಂಬುದೂ ಮುಖ್ಯ. ಈ ಡ್ರೈವರ್‌ಗೆ ಮೈನಸ್ ಅರ್ಧ ಪವರ್ ಉಳಿದಿತ್ತು. ಕಣ್ಣೂ ಒಣಗಿತ್ತು. ಲೇಸಿಕ್‌ನಲ್ಲಿ ಫ್ಲ್ಯಾಪ್ (ಕಾರ್ನಿಯಾದ ಮೇಲ್ಪದರವನ್ನು ಮುಚ್ಚಳದಂತೆ ಎತ್ತುವುದು) ಮಾಡುವಾಗ ಅಲ್ಲಿನ ನರಗಳು ಕತ್ತರಿಸಿಹೋಗುತ್ತವೆ, ಕೆಲವು ತಿಂಗಳು ಕಣ್ಣೀರು ಕಡಿಮೆ. ಬೆಳಕು ಮೊದಲು ದಾಟುವುದು ಆ ಕಣ್ಣೀರಿನ ಪದರವನ್ನೇ. ಅದು ಒಡೆದಿದ್ದರೆ ಚಿತ್ರವೂ ಒಡೆಯುತ್ತದೆ.

ಡಾಕ್ಟರು ಕಣ್ಣು ತೇವವಾಗಿಡುವ ಡ್ರಾಪ್ಸ್ ಬರೆದರು, ರಾತ್ರಿಗೆ ತೆಳು ಕನ್ನಡಕ ಕೊಟ್ಟರು. ನಾಲ್ಕು ತಿಂಗಳಲ್ಲಿ ಹತ್ತಿ ಬಹಳಷ್ಟು ಕರಗಿತು, ಪೂರ್ತಿ ಹೋಗಲಿಲ್ಲ. ಅವರು ಹಗಲು ಟ್ರಿಪ್‌ಗೇ ಉಳಿದುಕೊಂಡರು.

ಈಗ ಲೇಸಿಕ್ ಕೇಳಿಕೊಂಡು ಯಾರೇ ಬಂದರೂ, ಮಷಿನ್‌ಗೆ ಗಲ್ಲ ಇಡಿಸುವ ಮೊದಲೇ ಕೇಳುತ್ತೇನೆ: “ಏನ್ ಕೆಲಸ ಮಾಡ್ತೀರಿ? ರಾತ್ರಿ ಗಾಡಿ ಓಡಸ್ತೀರೇನ್ರಿ?”