ಹೊಳೆ ನೋಡಿ ಹಿಡಿದ ದಾರಿ: ಸೈಕಲ್ಲಿನಲ್ಲಿ ಮಾಗಡಿ, ನಾಗಮಂಗಲ, ಮೇಲುಕೋಟೆ

ಬೆಂಗಳೂರಿನಿಂದ ಮೈಸೂರಿನ ಕಡೆ ಸೈಕಲ್ ತುಳಿಯುವವರು ಮೊದಲೆಲ್ಲ ದಾರಿಯ ಬಗ್ಗೆ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ನಸುಕಿನಲ್ಲಿ ಕೆಂಗೇರಿ ದಾಟಿದರೆ ಬಿಡದಿಯಲ್ಲಿ ತಟ್ಟೆ ಇಡ್ಲಿ, ಮದ್ದೂರಿನಲ್ಲಿ ವಡೆ, ಮುಂದೆ ಶ್ರೀರಂಗಪಟ್ಟಣ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥಗಳಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗಳ ಜೊತೆಗೆ ಸೈಕಲ್ಲಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆ ಇದೆ, ನಿಜ. ಆದರೆ ಎಡಕ್ಕೆ ಅಂಗಡಿ ಸಾಲು, ಬಲಕ್ಕೆ ತಡೆಬೇಲಿ, ಎದುರಿಗೆ ತಪ್ಪು ದಿಕ್ಕಿನಲ್ಲಿ ನುಗ್ಗುವ ಬೈಕು ಎಂಬಂತಿರುವಲ್ಲಿ ದಿನವಿಡೀ ತುಳಿಯುವುದನ್ನು ಪ್ರವಾಸ ಎನ್ನಲು ನನಗೆ ಮನಸ್ಸಿಲ್ಲ. ಹಾಗೆಂದು ನಿಷೇಧದ ಬಗ್ಗೆ ದೂರೂ ಇಲ್ಲ. ಗಂಟೆಗೆ ನೂರು ಕಿಲೋಮೀಟರ್ ವೇಗದ ಕಾರಿನ ಪಕ್ಕದಲ್ಲಿ ಸೈಕಲ್ಲಿಗೆ ಏನು ಕೆಲಸ?

ಹೆದ್ದಾರಿ ಬಿಟ್ಟರೆ ಮಾತ್ರ ದಾರಿಯನ್ನು ನಾವೇ ಹೆಣೆದುಕೊಳ್ಳಬೇಕು. ನನ್ನ ಗೆಳೆಯನದು ಸರಳ ವಿಧಾನ. ಮೊಬೈಲಿನ ನಕ್ಷೆಯಲ್ಲಿ ಊರಿಂದೂರಿಗೆ ಗೆರೆ ಎಳೆದು ಕಿಲೋಮೀಟರ್ ಕೂಡಿಸುತ್ತಾನೆ. "ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ, ಮೈಸೂರು 770ರ ಆಸುಪಾಸು. ಒಟ್ಟಿನಲ್ಲಿ ಇಳಿಜಾರು ತಾನೆ?" ಎನ್ನುವುದು ಅವನ ವಾದ. ಕಾರಿನವರಿಗೆ ಈ ಲೆಕ್ಕ ಸಾಕು. ಸೈಕಲ್ಲಿನವನು ಮೊದಲು ಹೊಳೆ ನೋಡಬೇಕು. ಬೆಂಗಳೂರಿನ ಪಶ್ಚಿಮಕ್ಕೆ ಅರ್ಕಾವತಿ, ಆಮೇಲೆ ಕಣ್ವ, ಆಮೇಲೆ ಶಿಂಷಾ, ಅದರಾಚೆ ಲೋಕಪಾವನಿ. ಎಲ್ಲವೂ ಹೆಚ್ಚುಕಡಿಮೆ ಉತ್ತರದಿಂದ ದಕ್ಷಿಣಕ್ಕೆ ಹರಿದು ಕೊನೆಗೆ ಕಾವೇರಿಯ ಪಾಲಾಗುತ್ತವೆ. ನಾವು ಹೊರಟಿದ್ದು ಪೂರ್ವದಿಂದ ಪಶ್ಚಿಮಕ್ಕೆ. ಅಂದರೆ ಪ್ರತಿಯೊಂದು ಹೊಳೆಗೂ ಇಳಿಯಬೇಕು, ದಾಟಬೇಕು, ಆಚೆಯ ದಿಣ್ಣೆ ಹತ್ತಬೇಕು. ಹೊರಟ ಊರಿಗೂ ಸೇರುವ ಊರಿಗೂ ಎತ್ತರದಲ್ಲಿ ಎಷ್ಟೇ ವ್ಯತ್ಯಾಸವಿರಲಿ, ಮಂಡಿಗೆ ತಿಳಿಯುವುದು ಹತ್ತಿದ ದಿಣ್ಣೆಗಳ ಲೆಕ್ಕವೇ.

ಹೊಳೆಯ ನಂತರ ಕೆರೆ. ನಮ್ಮ ಕಡೆಯ ಕೆರೆಗಳು ಸಾಲಾಗಿವೆ. ಮೇಲಿನದು ಕೋಡಿ ಬಿದ್ದರೆ ನೀರು ಕೆಳಗಿನದಕ್ಕೆ ಹರಿಯುತ್ತದೆ. ಆ ಸಾಲಿನ ಗುಂಟ ಸಾಗುವ ಹಳ್ಳಿ ರಸ್ತೆ ಹಠಾತ್ತನೆ ಏರುವುದು ಕಡಿಮೆ. ಕೆರೆಯಿದ್ದಲ್ಲಿ ಊರಿರುತ್ತದೆ, ಊರಿದ್ದಲ್ಲಿ ಚಹಾ ಅಂಗಡಿಯೂ ಅರಳಿಕಟ್ಟೆಯೂ ಇರುತ್ತವೆ. ಹಾಗಾಗಿ ನೀಲಿ ಚುಕ್ಕೆಗಳನ್ನು ಜೋಡಿಸುತ್ತಾ ಹೋದರೆ ಅರ್ಧ ದಾರಿ ತಾನಾಗಿಯೇ ಮೂಡುತ್ತದೆ. ಉಳಿದರ್ಧಕ್ಕೆ ಉಪಗ್ರಹ ಚಿತ್ರವನ್ನು ಹಿಗ್ಗಿಸಿ, ರಸ್ತೆ ಬೂದುಬಣ್ಣವೋ ಕೆಂಪೋ ಎಂದು ನೋಡಬೇಕು. ಬೂದು ಎಂದರೆ ಡಾಂಬರು, ಕೆಂಪು ಎಂದರೆ ಮಣ್ಣು. ಗೂಗಲ್ ನಕ್ಷೆಯಲ್ಲಿ 2017ರಿಂದ ದ್ವಿಚಕ್ರ ವಾಹನಗಳ ದಾರಿ ಬೇರೆಯಾಗಿಯೇ ಸಿಗುತ್ತದೆ. ಅದನ್ನು ನಂಬುವವರು ತೆಂಗಿನ ತೋಟದ ನಡುವೆ, ಬೋರ್‌ವೆಲ್ ಪಂಪಿನ ಮನೆಯೆದುರು ನಿಂತು ಮುಂದೆ ಎಲ್ಲಿ ಎಂದು ಕೇಳಲು ಸಿದ್ಧರಿರಬೇಕು.

ಕಾಲವನ್ನೂ ನಕ್ಷೆಯಷ್ಟೇ ಎಚ್ಚರದಿಂದ ಆರಿಸಿದೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಎದೆಗೆ ಬಡಿಯುತ್ತದೆ. ಪಶ್ಚಿಮಕ್ಕೆ ಹೋಗುವವನಿಗೆ ಸಮತಟ್ಟು ರಸ್ತೆಯೂ ಬೆಟ್ಟವೇ. ಡಿಸೆಂಬರ್, ಜನವರಿಯಲ್ಲಿ ಮೂಡಣ ಗಾಳಿ ಬೆನ್ನಿಗಿರುತ್ತದೆ. ಹಾಗಾಗಿ ಜನವರಿಯ ಮೊದಲ ವಾರಕ್ಕೆ ದಿನ ಗೊತ್ತು ಮಾಡಿದೆವು.

ಸುಮನಹಳ್ಳಿ, ಸುಂಕದಕಟ್ಟೆ, ಬ್ಯಾಡರಹಳ್ಳಿ ಇವನ್ನೆಲ್ಲ ಕತ್ತಲಲ್ಲೇ ದಾಟಿಬಿಡಬೇಕು. ಜಲ್ಲಿ ಲಾರಿಗಳ ಓಡಾಟ ಶುರುವಾದ ಮೇಲೆ ಮಾಗಡಿ ರಸ್ತೆ ಸೈಕಲ್ಲಿನವರದಲ್ಲ. ತಾವರೆಕೆರೆಯಲ್ಲಿ ಬೆಳಕು ಹರಿಯಿತು, ಕಾಫಿಯೂ ಸಿಕ್ಕಿತು. ಅಲ್ಲಿಂದ ಮುಂದೆ ರಸ್ತೆ ಅರ್ಕಾವತಿಯ ಕಣಿವೆಗೆ ಇಳಿಯುತ್ತದೆ. ಮೇಲ್ಗಡೆ, ಅರ್ಕಾವತಿಯೂ ಕುಮುದ್ವತಿಯೂ ಕೂಡುವಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ. 1930ರ ದಶಕದಿಂದ ಹಲವು ದಶಕ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಕೆರೆಯಿದು. ಈಗ ನಗರವೇ ಅದರ ಕಡೆಗೆ ಕೊಳಚೆ ಹರಿಸುತ್ತದೆ. ಕಣಿವೆಯಲ್ಲಿ ಚಳಿಗೆ ಬೆರಳುಗಳು ಬ್ರೇಕ್ ಹಿಡಿಯಲಾರದಷ್ಟು ಮರಗಟ್ಟಿದವು. ಆಚೆಯ ಏರಿನಲ್ಲಿ ಮೈ ಬಿಸಿಯಾಯಿತು. ಎಡಗಡೆ ಸಾವನದುರ್ಗದ 1,226 ಮೀಟರ್ ಎತ್ತರದ ಬಂಡೆ ಮಂಜಿನಿಂದ ಸ್ವಲ್ಪಸ್ವಲ್ಪವೇ ಹೊರಬಂತು. ಗೆಳೆಯ ಏರನ್ನು ಬಯ್ಯುತ್ತಿದ್ದ. "ಇದು ಮೊದಲನೆಯ ಹೊಳೆ, ಇನ್ನೂ ಮೂರಿವೆ" ಎಂದೆ. ಅವನು ಉತ್ತರ ಕೊಡಲಿಲ್ಲ.

ಮಾಗಡಿಯಲ್ಲಿ ಇಡ್ಲಿ ತಿಂದು, ಕೆಂಪೇಗೌಡರ ಕಾಲದ ಸೋಮೇಶ್ವರ ಗುಡಿಯನ್ನು ಹೊರಗಿನಿಂದಲೇ ನೋಡಿ ಹುಲಿಯೂರುದುರ್ಗದ ದಾರಿ ಹಿಡಿದೆವು. ಇಡೀ ಪ್ರಯಾಣದಲ್ಲಿ ನನಗೆ ಹೆಚ್ಚು ಹಿಡಿಸಿದ ಹಾದಿ ಇದು. ಮಾವಿನ ತೋಪು, ಕೊಯ್ದ ರಾಗಿ ಹೊಲ, ಬಂಡೆಗುಡ್ಡ. ಹತ್ತು ನಿಮಿಷಕ್ಕೊಂದು ವಾಹನ. ರಸ್ತೆ ಕಣ್ವದ ಕಡೆಯ ಹಳ್ಳಗಳಿಗೆ ಇಳಿಯುತ್ತಾ ಏರುತ್ತಾ ಸಾಗುತ್ತದೆ, ಏರುಗಳು ಗಿಡ್ಡ. ಇಳಿಜಾರಿನ ವೇಗದಲ್ಲೇ ಮುಂದಿನದರ ಅರ್ಧ ಹತ್ತಿಬಿಡಬಹುದು, ನಡುವೆ ಊರವರು ಹಾಕಿಕೊಂಡ ಉಬ್ಬು ಸಿಗದಿದ್ದರೆ.

ಉಬ್ಬಿಗಿಂತ ದೊಡ್ಡ ತಡೆ ಒಕ್ಕಣೆ. ಕಣ ಮಾಡುವ ಶ್ರಮ ಯಾರಿಗೂ ಬೇಡವಾಗಿದೆ. ಡಾಂಬರಿನ ಮೇಲೆ ಹುರುಳಿ ಹರಡಿದರೆ ಬಸ್ಸು ಲಾರಿಗಳು ಬಿಟ್ಟಿಯಾಗಿ ತುಳಿದುಕೊಡುತ್ತವೆ. ಕಾರಿಗೆ ಅದರಿಂದ ಏನೂ ಆಗುವುದಿಲ್ಲ. ಸೈಕಲ್ಲಿನ ಗತಿ ಬೇರೆ. ಒಣಗಿದ ಹುರುಳಿ ಬಳ್ಳಿ ಹಿಂದಿನ ಗೇರಿನ ಪುಟ್ಟ ಚಕ್ರಕ್ಕೆ ಸುತ್ತಿಕೊಂಡು, ಎರಡು ಸುತ್ತು ತುಳಿಯುವಷ್ಟರಲ್ಲಿ ಹುರಿಯಾಗಿ, ಹಲ್ಲುಗಳ ನಡುವೆ ಬಿಗಿದು, ಪೆಡಲ್ ಅಲ್ಲಾಡದಂತೆ ಮಾಡಿತು. ಎಳೆದರೆ ಬರುವುದಿಲ್ಲ, ಕತ್ತರಿಸಬೇಕು. ಚೈನಿನ ಎಣ್ಣೆಯಲ್ಲಿ ಕಪ್ಪಾದ ಎಳೆಗಳನ್ನು ಕೀಲಿಕೈಯಿಂದ ಒಂದೊಂದಾಗಿ ಬಿಡಿಸುತ್ತಾ ಕೂತಿದ್ದಾಗ, ಹುರುಳಿಯ ಒಡತಿ ಮೊರ ಬದಿಗಿಟ್ಟು ಬಂದರು. ಸೊಂಟದಲ್ಲಿದ್ದ ಕುಡುಗೋಲಿನ ತುದಿಯನ್ನು ಗೇರಿನ ಸಂದಿಗೆ ತೂರಿಸಿ, ಒಂದೇ ಎಳೆತಕ್ಕೆ ಬಳ್ಳಿ ಹರಿದುಹಾಕಿದರು.

"ಇದಕ್ಕೆ ಮೋಟಾರು ಇಲ್ಲವೇನಪ್ಪ?"

"ಇಲ್ಲಮ್ಮ."

"ಎಷ್ಟು ಕೊಟ್ಟಿರಿ?"

ಗೆಳೆಯ ಬೆಲೆಯನ್ನು ಅರ್ಧಕ್ಕಿಳಿಸಿ ಹೇಳಿದ. ಆಕೆ ಅದಕ್ಕೂ ಕೆನ್ನೆಗೆ ಕೈಯಿಟ್ಟುಕೊಂಡು, "ಅಷ್ಟಕ್ಕೆ ಒಂದು ಹಸು ಬರುತ್ತಿತ್ತಲ್ಲ" ಎಂದರು. ಅಲ್ಲಿಂದ ಮುಂದೆ ಒಕ್ಕಣೆ ಕಂಡಲ್ಲೆಲ್ಲ ಸೈಕಲ್ ಎತ್ತಿಕೊಂಡೇ ನಡೆದೆವು.

ಹುಲಿಯೂರುದುರ್ಗದಲ್ಲಿ ಕುಣಿಗಲ್–ಮದ್ದೂರು ರಸ್ತೆಯನ್ನು ಅಡ್ಡ ದಾಟಬೇಕು. ದಾರಿ ಹೆಣೆಯುವವರು ಇಂಥ ಕೂಡುರಸ್ತೆಯ ಊರನ್ನು ಮಧ್ಯಾಹ್ನದ ಹೊತ್ತಿಗೆ ಬರುವಂತೆ ನೋಡಿಕೊಳ್ಳುವುದು ಜಾಣತನ. ಊಟ ಸಿಗುತ್ತದೆ, ಸುಸ್ತಾದವನು ಎಡಕ್ಕೆ ತಿರುಗಿ ಮದ್ದೂರಿನ ರೈಲು ನಿಲ್ದಾಣ ಸೇರಿಕೊಳ್ಳಬಹುದು. ಮುದ್ದೆ, ಸೊಪ್ಪಿನ ಸಾರು ಉಂಡ ಮೇಲೆ ಗೆಳೆಯ ಎಡಕ್ಕೆ ಒಮ್ಮೆ ನೋಡಿದ್ದು ನಿಜ. ಊರಿನ ಪಂಕ್ಚರ್ ಅಂಗಡಿಯವರು ನಮ್ಮ ಟ್ಯೂಬಿನ ತೆಳ್ಳಗಿನ ಪ್ರೆಸ್ಟಾ ವಾಲ್ವ್ ನೋಡಿ ತಲೆಯಾಡಿಸಿಬಿಟ್ಟರು. ಲಾರಿ, ಬೈಕುಗಳಿಗೆ ಗಾಳಿ ಹಿಡಿಯುವ ಕೊಳವೆ ಅದಕ್ಕೆ ಕೂರುವುದಿಲ್ಲ. ಬೆರಳಿನ ಉಗುರಿನಷ್ಟಿರುವ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಒಯ್ದರೆ ಯಾವ ಹಳ್ಳಿಯಲ್ಲೂ ಗಾಳಿ ಸಿಗುತ್ತದೆ. ನಾವು ಒಯ್ದಿದ್ದೆವು. ಬದಿಯಲ್ಲಿ ನಿಲ್ಲಿಸಿದಾಗಲೆಲ್ಲ ಟೈರಿನ ಮೇಲೆ ಕೈಯಾಡಿಸಿ ಜಾಲಿ ಮುಳ್ಳು ತೆಗೆಯುವುದೂ ರೂಢಿಯಾಗಿತ್ತು.

ಶಿಂಷೆಗೆ ಇಳಿದದ್ದು ಬಿಸಿಲೇರಿದ ಮೇಲೆ. ದೇವರಾಯನದುರ್ಗದಲ್ಲಿ ಹುಟ್ಟಿ, ಮಾರ್ಕೋನಹಳ್ಳಿ ಅಣೆಕಟ್ಟೆಯಲ್ಲಿ ನಿಂತು ಬರುವ ಈ ಹೊಳೆಯಲ್ಲಿ ಜನವರಿಯಲ್ಲಿ ಹೆಚ್ಚೇನೂ ನೀರಿರಲಿಲ್ಲ. ಆದರೆ ಅದು ಕೊರೆದ ಕಣಿವೆ ಇದ್ದೇ ಇದೆ. ಅಲ್ಲಿಂದ ನಾಗಮಂಗಲದವರೆಗಿನ ಏರು ಉದ್ದ, ನೆರಳಿಲ್ಲದ್ದು. ಹೇಳಲು ಮತ್ತೇನೂ ಇಲ್ಲ. ಎಳನೀರು ಕುಡಿದೆವು, ತುಳಿದೆವು. ಸಂಜೆ ಹೊಯ್ಸಳರ ಸೌಮ್ಯಕೇಶವ ಗುಡಿಯ ತಣ್ಣನೆಯ ಕಲ್ಲಿನ ಮೇಲೆ ಕಾಲು ಚಾಚಿ ಕೂತಾಗ ಅರ್ಚಕರು ಬಂದು, "ಕಾಲು ಆ ಕಡೆ ಮಾಡಿ" ಎಂದರು. ವಾಸ್ತವ್ಯ ಅಲ್ಲೇ ಒಂದು ಲಾಡ್ಜಿನಲ್ಲಿ. ಸೈಕಲ್ಲುಗಳಿಗೂ ಕೋಣೆಯೊಳಗೇ ಜಾಗ ಕೇಳಿ ಪಡೆದೆವು.

ಮರುದಿನದ ದಾರಿ ದಕ್ಷಿಣಕ್ಕೆ. ವ್ಯತ್ಯಾಸ ಮೊದಲ ಗಂಟೆಯಲ್ಲೇ ತಿಳಿಯಿತು. ಈಗ ನಾವು ಲೋಕಪಾವನಿಯ ಜೊತೆಗೆ ಹೋಗುವವರು, ಅದಕ್ಕೆ ಅಡ್ಡ ಹೋಗುವವರಲ್ಲ. ಹಿಂದಿನ ದಿನ ಗಂಟೆಗಟ್ಟಲೆ ಹಿಡಿದಷ್ಟು ದೂರ ಜಕ್ಕನಹಳ್ಳಿಯವರೆಗೆ ಮಾತಾಡುತ್ತಲೇ ಮುಗಿದುಹೋಯಿತು. ಅಲ್ಲಿ ತಿರುಗಿ ಮೇಲುಕೋಟೆಗೆ ಹತ್ತುವುದು ಬೇರೆಯೇ ವಿಷಯ. ಅದಕ್ಕೆ ನದಿಯ ನೆಪವಿಲ್ಲ, ಬೆಟ್ಟವೇ. ಸುತ್ತಲಿನ ಕುರುಚಲು ಕಾಡನ್ನು 1974ರಲ್ಲಿ ವನ್ಯಧಾಮವೆಂದು ಘೋಷಿಸಿದ್ದು ತೋಳಗಳಿಗಾಗಿ. ಕಂಡದ್ದು ನವಿಲು ಮಾತ್ರ. ಕತ್ತಲಲ್ಲಿ ಈ ಹಾದಿ ತುಳಿಯುವ ಯೋಜನೆ ಯಾರೂ ಹಾಕಿಕೊಳ್ಳಬಾರದು. ಕಲ್ಯಾಣಿಯ ಪಕ್ಕ ಪುಳಿಯೋಗರೆ ತಿಂದು ತೊಣ್ಣೂರು ಕೆರೆಯ ಕಡೆ ಇಳಿದೆವು. ಬೆಟ್ಟಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಆ ನೀರು ಜನವರಿಯಲ್ಲೂ ತಿಳಿಯಾಗಿತ್ತು.

ಪಾಂಡವಪುರದಿಂದಾಚೆ ವಿಶ್ವೇಶ್ವರಯ್ಯ ನಾಲೆಯ ನಾಡು. ನಾಲೆ ಎಂದರೆ ಮಟ್ಟ ನೋಡಿಕೊಂಡು ತೋಡಿದ ಹೊಳೆ. ಅದರ ಏರಿಯ ಮೇಲಿನ ರಸ್ತೆಯಲ್ಲಿ ಏರಿಳಿತ ಇಲ್ಲವೆನ್ನಬಹುದು. ಎಂಜಿನಿಯರುಗಳು ಮೊದಲೇ ಲೆಕ್ಕ ಹಾಕಿಟ್ಟಿದ್ದಾರೆ. ಅಪಾಯ ಬೇರೆಡೆ ಇದೆ: ಹಲವು ಕಡೆ ತಡೆಗೋಡೆಯಿಲ್ಲ, ಎದುರಿಗೆ ಕಬ್ಬು ಹೇರಿದ ಟ್ರ್ಯಾಕ್ಟರ್ ಬಂದರೆ ಬದಿಗೆ ಸರಿಯಲು ಜಾಗ ಸಾಲದು. ಇಳಿದು ನಿಂತು ದಾರಿ ಬಿಡುವುದೇ ಲೇಸು.

ಮೈಸೂರಿನಿಂದ ಮರಳಲು ರೈಲು. ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಲಗೇಜ್ ಎಂದು ಬುಕ್ ಮಾಡಿ ಬ್ರೇಕ್ ವ್ಯಾನಿನಲ್ಲಿ ಹಾಕಿಸಬಹುದು. ಆ ಕೆಲಸಕ್ಕೆ ರೈಲು ಹೊರಡುವ ಬಹಳ ಮೊದಲೇ ಹೋಗಿರಬೇಕು. ಕಾಯುವಾಗ ಗೆಳೆಯ ತಾನಾಗಿಯೇ ಮೊಬೈಲ್ ತೆಗೆದು ಹೊಳೆಗಳನ್ನು ಹುಡುಕುತ್ತಿದ್ದ. ಮುಂದಿನ ಸಲ ಶಿಂಷೆಯ ಗುಂಟವೇ ಹೋಗೋಣ ಎಂಬಲ್ಲಿಗೆ ಇಬ್ಬರಿಗೂ ಒಪ್ಪಿಗೆಯಾಯಿತು. ದೇವರಾಯನದುರ್ಗದಿಂದ ಮದ್ದೂರಿಗೆ ಇಳಿಯುವುದು ನನ್ನ ಯೋಜನೆ. ಅವನು ಮದ್ದೂರಿನಿಂದ ಹತ್ತೋಣ ಎನ್ನುತ್ತಾನೆ. ಮನೆಗೆ ಮರಳುವ ದಾರಿ ತುಮಕೂರಿನಿಂದ ಹತ್ತಿರವಂತೆ.